ಸಂಬಳದಲ್ಲಿ ಹಿಡಿದದ್ದು

ಸಂಬಳದ ಸ್ಲಿಪ್ಪನ್ನು ಹೆಂಡತಿ ವಿನೆಟ್‌ಳ ಕೈಗಿತ್ತು ಲಿಂಟನ್ ಬೈಗುಳಕ್ಕೆ ತಯಾರಾಗಿ ನಿಂತ. ಮಾಂಟೆಗೊ ಬೇ ಪಟ್ಟಣದ ಹೋಟೆಲೊಂದರ ಗೇಟು ಕಾಯುವ ಅವನು ಇಷ್ಟು ವರ್ಷ ಗುತ್ತಿಗೆಯವನಾಗಿದ್ದ. ದುಡಿದದ್ದೆಲ್ಲ ಇಡಿಯಾಗಿ ಕೈಗೆ ಬರುತ್ತಿತ್ತು. ಈ ಸಲ ಕಾಯಂ ಆಗಿದ್ದ. ಬಂದದ್ದು ಮಾತ್ರ ಕಡಿಮೆ.

“ಕಾಯಂ ಆದ್ರೆ ಸಂಬಳ ಇಳಿಯೋದನ್ನ ಇವತ್ತೇ ನೋಡಿದ್ದು ಮಾರಾಯ!” ವಠಾರದವರೆಲ್ಲರಿಗೂ ಇದ್ದ ಒಂದೇ ಒಲೆಯ ಮೇಲೆ ಮೀನು ಹುರಿಯುತ್ತಿದ್ದ ವಿನೆಟ್ ಎಣ್ಣೆಗೈ ಒರೆಸಿಕೊಂಡು, ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟಳು. “ಇದೇನು, ಶಿಕ್ಷಣ ತೆರಿಗೆ? ನೀನು ಶಾಲೆ ಕಡೆ ತಲೆ ಹಾಕಿ ಮಲಗಿದವನೂ ಅಲ್ಲ!”

“ವಿಮೆಗೂ ಹಿಡಿದಿದ್ದಾರೆ,” ಲಿಂಟನ್ ತಾನೇ ಒಪ್ಪಿಸಿದ. “ಮುದುಕ ಆದ್ಮೇಲೆ ಪಿಂಚಣಿ ಬರುತ್ತಂತೆ.”

ಬೆರಳು ಮುಂದಿನ ಸಾಲಿಗೆ ಬಂದು ನಿಂತಿತು: ವಸತಿ ನಿಧಿ. “ಇದಕ್ಕೆ ಕಂಪನಿಯೂ ಹಾಕುತ್ತಾ?”

“ನಂದಕ್ಕಿಂತ ಜಾಸ್ತಿ ಹಾಕುತ್ತಂತೆ. ಕಟ್ತಾ ಹೋದ್ರೆ ಮನೆ ಸಾಲಕ್ಕೆ ಅರ್ಜಿ ಹಾಕ್ಬಹುದು ಅಂದ್ರು.”

ವಿನೆಟ್ ಆ ಸಾಲನ್ನು ಇನ್ನೊಮ್ಮೆ ಓದಿದಳು. ಗುತ್ತಿಗೆಯಲ್ಲಿದ್ದಾಗಲೂ ತಾವೇ ಹೋಗಿ ಕಟ್ಟಬಹುದಾಗಿದ್ದ ನಿಧಿ ಅದು. ಪ್ರತಿ ಸಲ ಬಾಡಿಗೆಯೋ ಮಗಳ ಯೂನಿಫಾರ್ಮೋ ಆ ದುಡ್ಡನ್ನು ನುಂಗಿಬಿಡುತ್ತಿತ್ತು. ಈಗ ಅದು ಕೈಗೆ ಬರುವ ಮೊದಲೇ ಹೋಗಿ ಕೂತಿತ್ತು.

“ವಿನೆಟ್, ನನ್ನ ಅನ್ನ ಯಾವಾಗಮ್ಮ ಬೇಯೋದು?” ಸರದಿಗೆ ಕಾಯುತ್ತಿದ್ದ ಪಕ್ಕದ ಕೋಣೆಯ ಮಿಸ್ ಐವಿ ಕೂಗಿದಳು.

“ಇಟ್ಕೊಳ್ಳಿ ಮಿಸ್ ಐವಿ, ನಿಮ್ದೇ ಒಲೆ,” ಎಂದು ವಿನೆಟ್ ನಗುತ್ತ ಬಾಣಲೆ ಇಳಿಸಿದಳು. ಎಲ್ಲಕ್ಕಿಂತ ದೊಡ್ಡ ಮೀನನ್ನು ಗಂಡನ ತಟ್ಟೆಗೆ ಹಾಕಿ ಮೆಲ್ಲಗೆ ಕೇಳಿದಳು: “ಲಿಂಟನ್, ನಮ್ಮ ಅಡುಗೆಮನೆ ಕಿಟಕಿ ಯಾವ ಕಡೆಗಿದ್ರೆ ಚೆಂದ?”