ಗುಳಿ ತಪ್ಪಿದ ಬಿಟ್‌ಗಳು

"ಇದು ಯಾವ ಗುಳಿಯದ್ದಪ್ಪ?" ಚಂದ್ರಹಾಸ ಯಾರನ್ನೂ ಕೇಳದೆ ಕೇಳಿದ.

ಮೊಬೈಲ್ ರಿಪೇರಿಗೆ ಬೇಕಾದ, ಎಳ್ಳಿನಷ್ಟು ಸಣ್ಣ ಮೂತಿಯ ಸ್ಕ್ರೂಡ್ರೈವರ್ ಬಿಟ್‌ಗಳನ್ನು ಅವನು ಅಮ್ಮ ಆಡುತ್ತಿದ್ದ, ಸಾಲು ಗುಳಿಗಳ ಹಳೆಯ ಚೆನ್ನೆಮಣೆಯಲ್ಲಿ ಇಡುತ್ತಿದ್ದ; ಗುಳಿಗೊಂದು ನಮೂನೆ. ಗಿರಾಕಿಗಳ ಮೊಬೈಲಿಗೆ ಹೆಸರಿನ ಚೀಟಿ ಅಂಟಿಸುತ್ತಿದ್ದ ತಂಗಿ ಜಲಜಾಕ್ಷಿ ತಲೆ ಎತ್ತಲಿಲ್ಲ. ಅಣ್ಣನ ಕಣ್ಣು ಮಂಜಾದಂದಿನಿಂದ, ಅವನು ಊಟಕ್ಕೆ ಎದ್ದಾಗ, ಗುಳಿ ತಪ್ಪಿದವನ್ನೆಲ್ಲ ಅವಳೇ ಸದ್ದಿಲ್ಲದೆ ಸರಿಮಾಡುತ್ತಿದ್ದಳು. ಮೊದಮೊದಲು ಅಳು ಬರುತ್ತಿತ್ತು. ಈಗ ಅಕ್ಕಿ ಆರಿಸಿದ ಹಾಗೆ, ಅಷ್ಟೆ.

"ನನ್ನ ಕಣ್ಣು ಇನ್ನೂ ಗಟ್ಟಿ ಉಂಟು ಮಾರಾಯ್ತಿ. ಒಂದೂ ತಪ್ಪುವುದಿಲ್ಲ ನೋಡು."

"ಹೌದೌದು, ಗರುಡನ ಕಣ್ಣಲ್ವಾ ನಿಂದು!"

ಅವನು ನಗಲಿಲ್ಲ.

"ನಿನ್ನೆ ಬೇಕಂತಲೇ ಮೂರು ಬಿಟ್ ಖಾಲಿ ಗುಳಿಗೆ ಹಾಕಿ ಊಟಕ್ಕೆ ಹೋಗಿದ್ದೆ. ಬಂದು ಬೆರಳಾಡಿಸಿದರೆ ಮೂರೂ ಅಲ್ಲಿಲ್ಲ, ನೀನು ಸರಿಮಾಡಿ ಆಗಿತ್ತು."

ಜಲಜಾಕ್ಷಿಯ ಕೈ ನಿಂತಿತು.

"ನಾಳೆಯಿಂದ ನೀನು ಈ ಮಣೆ ಮುಟ್ಟಬೇಡ. ಈ ಕೆಲಸ ಬಿಡುವ ಹೊತ್ತು ಬಂತಾ ಇಲ್ವಾ ಅಂತ ನನಗೂ ಗೊತ್ತಾಗಲಿ."

"ಮುಟ್ಟದೆ ಇರ್ಲಿಕ್ಕೆ ಆಗುದಿಲ್ಲ, ಅಣ್ಣ" ಎಂದಳು ಜಲಜಾಕ್ಷಿ.