ಸುರಕ್ಷತೆಗೆ ಎಪ್ಪತ್ತು

ಟೆಂಡರ್ ಸಮಿತಿಯ ಮುಂದೆ ಬಂದು ಕೂತ ದೇವೇಂದ್ರಪ್ಪನಿಗೆ ಅಧ್ಯಕ್ಷೆ ಕಾತ್ಯಾಯಿನಿಯ ಗುರುತೇ ಹತ್ತಲಿಲ್ಲ. ಅವಳು ಮಾತ್ರ ಮರೆತಿರಲಿಲ್ಲ. ಹದಿನೈದು ವರ್ಷದ ಹಿಂದೆ ಒಂದು ಕಾರ್ಖಾನೆಯಲ್ಲಿ ಅವಳು ಅವನ ಕೈಕೆಳಗೆ ಕೆಲಸಕ್ಕಿದ್ದಳು. ಅವಳು ರೂಪಿಸಿದ, ಲೋಹದ ತಗಡು ಒತ್ತುವ ಪ್ರೆಸ್ ಯಂತ್ರವನ್ನು, "ಬೆಲೆಗೆ ತೊಂಬತ್ತು ಅಂಕ, ಸುರಕ್ಷತೆಗೆ ಹತ್ತು" ಎಂದು ಅಂಕಪಟ್ಟಿಯಲ್ಲಿ ಗೀಚಿ ಸೋಲಿಸಿದವನು ಅವನೇ. ಅದರ ಬದಲು ಬಂದ ಅಗ್ಗದ ಯಂತ್ರ, ಅಲ್ಲೇ ದುಡಿಯುತ್ತಿದ್ದ ಅವಳ ಅಣ್ಣನ ನಾಲ್ಕು ಬೆರಳು ನುಂಗಿತ್ತು.

ಇವತ್ತು ಅವನು ತನ್ನ ಕಂಪನಿಯ ಯಂತ್ರ ಮಾರಲು ಬಂದಿದ್ದ.

"ಟೆಂಡರ್ ಕವರ್ ಒಡೆಯೋಕೆ ಮುಂಚೆ ಅಂಕ ಹಂಚಿಬಿಡೋಣ," ಎಂದಳು ಕಾತ್ಯಾಯಿನಿ. "ಬೆಲೆಗೆ ಹತ್ತು, ವೇಗಕ್ಕೆ ಇಪ್ಪತ್ತು, ಸುರಕ್ಷತೆಗೆ ಎಪ್ಪತ್ತು."

"ಬೆಲೆಗೆ ಬರೀ ಹತ್ತಾ ಮೇಡಂ?" ಪಕ್ಕದ ಸದಸ್ಯರು ಹುಬ್ಬೇರಿಸಿದರೂ ಸಹಿ ಹಾಕಿದರು.

ಕವರ್ ಒಡೆದು ಅಂಕ ಕೂಡಿದಾಗ ದೇವೇಂದ್ರಪ್ಪನ ಯಂತ್ರವೇ ಮೊದಲು ಬಂತು. ಅವನ ಮುಖ ಊರಗಲವಾಯಿತು.

"ಈ ಡಿಸೈನ್ ಯಾರದ್ದು, ಸಾರ್?" ಕೇಳಿದಳು.

"ನಂದೇ ಮೇಡಂ. ಒಂದು ಗೆರೆನೂ ಬೇರೆಯವರದ್ದಲ್ಲ."

"ಹಾಗಂತ ಬರೆದು ಸಹಿ ಮಾಡಿ. ಸುಳ್ಳಾದ್ರೆ ಕಪ್ಪುಪಟ್ಟಿಗೆ ಸೇರಿಸ್ತೀವಿ, ಗೊತ್ತಲ್ಲ?"

"ಧಾರಾಳವಾಗಿ!" ಎಂದು ಅವನು ಸಹಿ ಹಾಕಿಕೊಟ್ಟ.

ಕಾತ್ಯಾಯಿನಿ ಆ ಕಾಗದವನ್ನು ಭದ್ರವಾಗಿ ಫೈಲಿಗೆ ಸೇರಿಸಿದಳು. ಆಮೇಲೆ, ಅವನ ಕಂಪನಿಯ ಜಾಹೀರಾತಿನಲ್ಲಿ ಯಂತ್ರದ ಚಿತ್ರ ಕಂಡಾಗಲೇ ಎತ್ತಿಟ್ಟುಕೊಂಡಿದ್ದ ಹಳದಿಗಟ್ಟಿದ ನಕ್ಷೆಯೊಂದನ್ನು ಚೀಲದಿಂದ ತೆಗೆದು ಎಲ್ಲರೆದುರು ಹರಡಿದಳು. ಅವನು ಈಗ ಮಾರಲು ತಂದ ಅದೇ ಯಂತ್ರ. ಕೆಳಗೆ ಅವಳ ಹೆಸರು, ಅದರ ಪಕ್ಕ ದೇವೇಂದ್ರಪ್ಪ ಈಗಷ್ಟೇ ಹಾಕಿದಂಥದೇ ಸಹಿ, ಸಹಿಯ ಮೇಲೆ ಕೆಂಪು ಶಾಯಿಯಲ್ಲಿ ಅವನದೇ ಕೈಬರಹ: "ಕೆಲಸಕ್ಕೆ ಬಾರದ ಡಿಸೈನ್. ತಿರಸ್ಕರಿಸಿದೆ."