ಚಹಾದಲ್ಲಿ ಕುದಿಸಿದ ಚೆಂಡು

ಈಗ ಯಾವ ಊರಿನ ಪಂದ್ಯಕ್ಕೆ ಹೋದರೂ, ಗಾಲಿಕುರ್ಚಿಯನ್ನು ಟೇಬಲ್ ಮುಂದೆ ನಿಲ್ಲಿಸುವಾಗ ಎಲ್ಲಿಂದಲೋ ಚಹಾ ಕುದಿಯುವ ವಾಸನೆ ಬಂದರೆ ಸಾಕು, ನನ್ನ ಅಂಗೈ ಬೆಚ್ಚಗಾಗುತ್ತದೆ.

ನಾನು ಚಿಕ್ಕವಳಿದ್ದಾಗ ಒಂದು ಮಧ್ಯಾಹ್ನ ಹರಿಹರದಿಂದ ಮಾವ ಬಂದಿದ್ದ. ನಿಟ್ಟುವಳ್ಳಿಯ ನಮ್ಮ ಅಂಗಳದಲ್ಲಿ ಎರಡು ಡ್ರಮ್ಮುಗಳ ಮೇಲೆ ಹಳೇ ಬಾಗಿಲು ಮಲಗಿಸಿ ಟೇಬಲ್ ಟೆನಿಸ್ ಆಡುತ್ತಿದ್ದೆವು. ನನ್ನ ಕಾಲಲ್ಲಿ ಬಲವಿರಲಿಲ್ಲ. ಆದರೂ ಮಾವನ ಹಾಗೆ ನಿಂತೇ ಆಡಬೇಕೆಂಬ ಹಟ. ದೂರದ ಚೆಂಡಿಗೆ ಕೈಚಾಚಲು ಹೋಗಿ ಅದರ ಮೇಲೆಯೇ ಬಿದ್ದೆ. ಇದ್ದ ಒಂದೇ ಚೆಂಡು ಚಪ್ಪಟೆ!

"ಸಾಕು ಬಿಡವ್ವ, ನಿನಗೆ ಈ ಆಟ ಬ್ಯಾಡ. ಒಳಗ ಬಾ," ಎಂದು ಅಮ್ಮ ಓಡಿ ಬಂದಳು.

ಅಜ್ಜಿ ಮಾತ್ರ ಚೆಂಡನ್ನು ಎತ್ತಿಕೊಂಡು ಹೋಗಿ, ಒಲೆಯ ಮೇಲೆ ಕುದಿಯುತ್ತಿದ್ದ ಚಹಾಕ್ಕೆ ಹಾಕಿ ಸೌಟಿನಿಂದ ಅದುಮಿದಳು. ಟಪ್ಪೆಂದು ತಗ್ಗು ಉಬ್ಬಿತು. ಚೆಂಡು ಮತ್ತೆ ದುಂಡಗಾಯಿತು, ಬಣ್ಣ ಮಾತ್ರ ಕಂದು.

"ಇದಕ್ಕೇನಾಗೈತೆ? ಇಬ್ರೂ ಕುರ್ಚಿ ಮ್ಯಾಲೆ ಕೂತು ಆಡ್ರಿ," ಎಂದಳು.

ಮಾವ ಕೂತ. ಬಿಸಿ ಚೆಂಡನ್ನು ಮೂಲೆಗೆ ಹೊಡೆದೆ. ಅವನು ಅಭ್ಯಾಸದಂತೆ ಎದ್ದ.

"ಏಳಬ್ಯಾಡಪ್ಪ!" ಎಂದು ಅಜ್ಜಿ ಸೌಟು ಎತ್ತಿದಳು.

ಮತ್ತೆ ಮೂಲೆಗೆ ಹೊಡೆದೆ. ಮಾವ ಕೂತಲ್ಲೇ ಒದ್ದಾಡಿದ. ಹಾಗೇ ನನ್ನ ಅಂಕ ಹತ್ತಾಯಿತು. ಇನ್ನೊಂದು ಬಂದರೆ ಗೆಲುವು. ಚೆಂಡನ್ನು ಅಂಗೈಯಲ್ಲಿ ಹಿಡಿದು ಮಾವನನ್ನೇ ನೋಡುತ್ತಾ ಕೂತೆ.

ನನ್ನನ್ನು ಒಳಗೆ ಕರೆದೊಯ್ಯಲು ಬಂದಿದ್ದ ಅಮ್ಮ ಬೆನ್ನ ಹಿಂದೆಯೇ ನಿಂತಿದ್ದಳು. ಒಮ್ಮೆಲೇ ಅವಳ ದನಿ ಕೇಳಿತು:

"ಏನು ನೋಡ್ತೀಯೇ? ಹೊಡಿ, ಆ ಮೂಲೆಗೇ ಹೊಡಿ!"